ಅಟ್ಟದ ಕೊಬ್ಬರಿಗೂ ಆಸಿಯಾನ್‌ಗೂ ಏನು ಸಂಬಂಧ?

ಬೆಂಗಳೂರಿನಿಂದ ಅರಸೀಕೆರೆ ಕಡೆ ಹೋಗೋ ರೈಲಿನಲ್ಲಿ ತುಮಕೂರು ದಾಟಿದ ಮೇಲೆ ಅಮ್ಮಸಂದ್ರ ಸಿಗುತ್ತೆ. ಸಿಮೆಂಟ್ ಫ್ಯಾಕ್ಟರಿ ಊರು ಅಂತ ಹೆಸರು, ಸುತ್ತ ಇರೋದೆಲ್ಲ ತೆಂಗು. ಕೊಬ್ಬರಿ ರೇಟು ಬಿದ್ದಾಗೆಲ್ಲ ಈ ಕಡೆ ಒಂದು ಮಾತು ಕೇಳ್ತೀವಿ: ಹೊರಗಿನ ಎಣ್ಣೆ ಬಿಟ್ಟು ನಮ್ಮನ್ನ ಮುಳುಗಿಸಿದ್ರು. ನಾನೂ ಹಾಗೇ ನಂಬಿದ್ದೆ. ಸುಂಕದ ಲೆಕ್ಕ ಬಿಡಿಸಿ ನೋಡಿದ ಮೇಲೆ ಅರ್ಧ ಮಾತ್ರ ನಂಬ್ತೀನಿ.

ಕಚ್ಚಾ ತಾಳೆ ಎಣ್ಣೆಯನ್ನೇ ತಗೊಳ್ಳಿ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ (ಡಬ್ಲ್ಯುಟಿಒ, 1995) ಭಾರತ ಒಪ್ಪಿಕೊಂಡ ಗರಿಷ್ಠ ಸುಂಕ ಶೇ. 300. ಇದು ಬಹುಪಕ್ಷೀಯ ವ್ಯವಸ್ಥೆ: ಒಬ್ಬರಿಗೆ ಕೊಟ್ಟ ರಿಯಾಯಿತಿ ಎಲ್ಲ ಸದಸ್ಯರಿಗೂ ಸಲ್ಲಬೇಕು. ಆದರೆ ಗ್ಯಾಟ್ ಒಪ್ಪಂದದ 24ನೇ ವಿಧಿ ಒಂದು ಹಿಂಬಾಗಿಲು ಇಟ್ಟಿದೆ. ಕೆಲವು ದೇಶಗಳು ಗುಂಪು ಕಟ್ಟಿಕೊಂಡು ತಮ್ಮೊಳಗೆ ಮಾತ್ರ ಸುಂಕ ಇಳಿಸಿಕೊಳ್ಳಬಹುದು. ಪ್ರಾದೇಶಿಕ ವ್ಯಾಪಾರ ಕೂಟ ಅಂದರೆ ಇದೇ.

2009ರಲ್ಲಿ ಭಾರತ ಇಂಡೋನೇಷ್ಯಾ, ಮಲೇಷ್ಯಾ ಇರುವ ಆಸಿಯಾನ್ ಜೊತೆ ಸರಕು ಒಪ್ಪಂದಕ್ಕೆ ಸಹಿ ಹಾಕಿತು, 2010ರ ಜನವರಿ 1ಕ್ಕೆ ಅದು ಜಾರಿಗೆ ಬಂತು. ತಾಳೆ ಎಣ್ಣೆಯನ್ನು 'ವಿಶೇಷ ಉತ್ಪನ್ನ'ಗಳ ಪಟ್ಟಿಗೆ ಸೇರಿಸಿ, ಕಚ್ಚಾ ಎಣ್ಣೆ ಸುಂಕವನ್ನು 2019ರ ಕೊನೆಗೆ ಶೇ. 37.5ಕ್ಕೆ ಇಳಿಸುವುದೆಂದು ಒಪ್ಪಲಾಯಿತು. ಅಂದರೆ 300ರ ಛಾವಣಿ ಈ ದೇಶಗಳ ಪಾಲಿಗೆ 37.5 ಆಯ್ತು.

ನಂತರದ್ದು ಯಾವ ಒಪ್ಪಂದವೂ ಹೇಳಿದ್ದಲ್ಲ. 2024ರ ಸೆಪ್ಟೆಂಬರ್‌ಗೆ ಮೊದಲು ಮೂಲ ಸುಂಕ ಸೊನ್ನೆ! ಆಮೇಲೆ ಶೇ. 20, 2025ರ ಮೇ ಕೊನೆಗೆ ಮತ್ತೆ 10. ನಗರದ ಅಡುಗೆಮನೆಯ ಬೆಲೆ ಏರಿದಾಗಲೆಲ್ಲ ದೆಹಲಿ ತಾನೇ ಸುಂಕ ಇಳಿಸುತ್ತೆ. ಅದನ್ನು ಆಸಿಯಾನ್ ಮೇಲೆ ಹಾಕೋದು ಸುಲಭ.

ಇನ್ನೊಂದು ಗಮನಿಸಿ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನೋದಕ್ಕೆ ಹೋಗೋದು, ಗಾಣಕ್ಕಲ್ಲ. ಹಾಗಾಗಿ ತಾಳೆ ಎಣ್ಣೆಯ ಪೆಟ್ಟು ಕೊಬ್ಬರಿ ಎಣ್ಣೆಯ ಮೂಲಕ ಸುತ್ತಿ ಬಳಸಿ ಬರುತ್ತೆ. ಎಷ್ಟೋ ತಿಂಗಳು ಅಟ್ಟದಲ್ಲಿ ಕಾಯಿ ಒಣಗಿಸಿದವನಿಗೆ ನೇರ ಆಸರೆ ಬೆಂಬಲ ಬೆಲೆ: 2025ರ ಹಂಗಾಮಿಗೆ ಕ್ವಿಂಟಲ್‌ಗೆ 12,100 ರೂಪಾಯಿ. ಅದೂ ಖರೀದಿ ಕೇಂದ್ರ ಸಮಯಕ್ಕೆ ತೆರೆದರೆ.

2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಕೂಟದಿಂದ ಹಿಂದೆ ಸರಿದಾಗ ನಮ್ಮ ಹೈನುಗಾರರು ನಿಟ್ಟುಸಿರು ಬಿಟ್ಟರು, ಅದು ಸರಿಯೇ. ಮರುತಿಂಗಳೇ ಡಬ್ಲ್ಯುಟಿಒದ ಮೇಲ್ಮನವಿ ಪೀಠ ಸಾಕಷ್ಟು ಸದಸ್ಯರಿಲ್ಲದೆ ನಿಂತುಹೋಯ್ತು, ಅಮೆರಿಕ ನೇಮಕ ತಡೆದಿತ್ತು. ನ್ಯಾಯ ಕೇಳೋ ಜಾಗ ಹೀಗೆ ಬೀಗ ಹಾಕಿರುವಾಗ ದೊಡ್ಡ ಕೂಟಗಳು ಹಾಕಿದ್ದೇ ಗೆರೆ. ಈಗ ಆಸಿಯಾನ್ ಒಪ್ಪಂದದ ಮರುಪರಿಶೀಲನೆ ಮಾತುಕತೆಯನ್ನೂ ಭಾರತ ಕೈಗೆತ್ತಿಕೊಂಡಿದೆ. ತೆಂಗಿನ ಬಗ್ಗೆ ಅಲ್ಲಿ ಏನು ಕೇಳಿದ್ದೀರಿ ಅಂತ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ.