ಶಾನಭಾಗ: ಹುದ್ದೆ ಹೋದರೂ ಉಳಿದ ಹೆಸರು



ಮೂರು ದಶಕಗಳ ಕಾಲ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನಿಗೆ ಅಡ್ಡಹೆಸರುಗಳ ವಿಷಯದಲ್ಲಿ ಕುತೂಹಲ ಬೆಳೆಯುವುದು ಸಹಜ. ಬಯಲುಸೀಮೆಯ ನಮ್ಮ ಶಾಲೆಯಲ್ಲಿ ಒಂದು ವರ್ಷ ‘ಶಾನಭಾಗ’ ಎಂಬ ಹೆಸರಿನ ಹುಡುಗನೊಬ್ಬನಿದ್ದ. ಅವನ ತಂದೆ ಕರಾವಳಿಯಿಂದ ವರ್ಗವಾಗಿ ಬಂದವರು. ಇಡೀ ಶಾಲೆಗೆ ಆ ಹೆಸರಿನವನು ಅವನೊಬ್ಬನೇ. ಗೆಳೆಯರು ‘ಶಾನೆ ಭೋಗ’ ಎಂದು ರೇಗಿಸುತ್ತಿದ್ದರು. ಈಗ ಪರದೇಶದಲ್ಲಿ ನೆಲೆಸಿರುವ ಆತ, ಮಗಳು ಕೇಳುತ್ತಿದ್ದಾಳೆಂದು ತನ್ನ ಅಡ್ಡಹೆಸರಿನ ಅರ್ಥವನ್ನು ವಿಚಾರಿಸಿ ಬರೆದಿದ್ದಾನೆ. ಅವನಿಗೆ ಹೇಳಬೇಕಾದುದು ನಿಮ್ಮೆಲ್ಲರಿಗೂ ಉಪಯೋಗವಾದೀತೆಂದು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ಹೆಸರಿನ ಹಳೆಯ ರೂಪ ‘ಸೇನಬೋವ’. ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಈ ಪದ ಮತ್ತೆ ಮತ್ತೆ ಕಾಣಿಸುತ್ತದೆ. ದಾನದ ವಿವರ, ಭೂಮಿಯ ಎಲ್ಲೆಗಳು, ಧರ್ಮವನ್ನು ಕೆಡಿಸಿದವರಿಗೆ ಶಾಪ, ಇಷ್ಟೆಲ್ಲ ಆದ ಬಳಿಕ ಶಾಸನದ ಕೊನೆಗೆ ಅದನ್ನು ಬರೆದವನ ಹೆಸರು ಬರುವುದುಂಟು. ಎಷ್ಟೋ ಕಡೆ ಹಾಗೆ ಬರೆದವನು ಸೇನಬೋವ. ಕಲ್ಲಿನ ಮೇಲೆ ಅಕ್ಷರ ಕೊರೆದ ರೂವಾರಿ ಬೇರೆ, ಒಕ್ಕಣೆಯನ್ನು ಸಿದ್ಧಪಡಿಸಿದ ಸೇನಬೋವ ಬೇರೆ. ಊರಿಗೆ ಸೇನಬೋವನಿದ್ದಂತೆ ನಾಡಿಗೂ ಸೇನಬೋವನಿರುತ್ತಿದ್ದ. ಕಾಲ ಸರಿದಂತೆ ಪದ ಜನರ ನಾಲಗೆಯಲ್ಲಿ ಸವೆದು ಸೇನಭೋಗ, ಶ್ಯಾನಭೋಗ, ಶಾನುಭೋಗ, ಶಾನಭಾಗ ಎಂದೆಲ್ಲ ರೂಪ ತಾಳಿತು. ಆದ್ದರಿಂದ ಕೊನೆಯ ‘ಭೋಗ’ವನ್ನು ಹಿಡಿದು ಸುಖವನ್ನಾಗಲಿ, ‘ಭಾಗ’ವನ್ನು ಹಿಡಿದು ಪಾಲನ್ನಾಗಲಿ ಹುಡುಕಹೊರಟರೆ ದಾರಿ ತಪ್ಪುತ್ತದೆ. ಈ ಹೆಸರಿನ ಅರ್ಥವನ್ನು ಅದನ್ನು ಹೊತ್ತವರ ಕಸುಬಿನಲ್ಲಿ ಕಾಣಬೇಕು. ಅವರು ಊರಿನ ಲೆಕ್ಕ ಬರೆಯುತ್ತಿದ್ದವರು.

ಊರಿನ ಲೆಕ್ಕವೆಂದರೆ ಸಣ್ಣ ಮಾತಲ್ಲ. ಯಾವ ಹೊಲ ಯಾರದು, ಅದರ ಎಲ್ಲೆ ಎಲ್ಲಿ, ಬೆಳೆದದ್ದೇನು, ಕಂದಾಯವೆಷ್ಟು, ಬಾಕಿಯೆಷ್ಟು ಎಂಬುದೆಲ್ಲ ಶಾನುಭೋಗನ ಬರವಣಿಗೆಯಲ್ಲಿತ್ತು. ನಮ್ಮ ಹಳ್ಳಿಗಳ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಗೌಡ, ಕಮ್ಮಾರ, ಬಡಗಿ, ಅಗಸ, ತಳವಾರ, ನೀರುಗಂಟಿ ಮೊದಲಾದವರಂತೆ ಅವನಿಗೂ ಕಣದಲ್ಲಿ ರಾಶಿಯಾದಾಗ ಧಾನ್ಯದ ಪಾಲು ಸಲ್ಲುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಗೌಡನ ಜೊತೆಗೆ ಶಾನುಭೋಗನನ್ನೂ ಹೆಸರಿಸಿದ್ದಾನೆ. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಊರೂರಿನ ಇತಿಹಾಸವನ್ನು ಕೈಫಿಯತ್ತುಗಳೆಂದು ಬರೆಸಿ ಸಂಗ್ರಹಿಸಿದನಷ್ಟೆ. ಆ ಕೆಲಸಕ್ಕೆ ಒದಗಿದ್ದು ಬಹುಮಟ್ಟಿಗೆ ಇಂಥ ಗ್ರಾಮಲೆಕ್ಕಿಗರ ಮನೆಗಳಲ್ಲಿದ್ದ ದಾಖಲೆಗಳೇ.

ಆ ದಾಖಲೆಗಳಲ್ಲಿ ‘ಕಡತ’ ಎಂಬುದೊಂದಿತ್ತು. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿದರೆ ಅದು ಕಪ್ಪು ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಇಂದು ಸರ್ಕಾರಿ ಕಚೇರಿಯಲ್ಲಿ ‘ನಿಮ್ಮ ಕಡತ ಮೇಲಿನವರ ಮೇಜಿಗೆ ಹೋಗಿದೆ’ ಎನ್ನುವಾಗ ನಾವು ಬಳಸುವುದು ಆ ಕಪ್ಪು ಬಟ್ಟೆಯ ಹೆಸರನ್ನೇ.

ಇದೇ ಕೆಲಸಕ್ಕೆ ಸೀಮೆಗೊಂದು ಹೆಸರಿತ್ತು. ಉತ್ತರ ಕರ್ನಾಟಕದ ಕುಲಕರ್ಣಿ ಎಂದರೆ ಕಂದಾಯ ಕೊಡುವ ಕುಳಗಳ ಲೆಕ್ಕ ಬರೆಯುವ ಕರಣಿಕ. ಹೈದರಾಬಾದು ಸೀಮೆಯಲ್ಲಿ ಪಟವಾರಿ, ತೆಲುಗು ನಾಡಿನಲ್ಲಿ ಕರಣಂ. ಕೆಲಸ ಒಂದೇ, ಆಳಿದವರ ಭಾಷೆಗೂ ನೆಲದ ರೂಢಿಗೂ ತಕ್ಕಂತೆ ಹೆಸರು ಹಲವು.

ಹಾಗಿದ್ದರೆ, ಹಳೆಯ ಮೈಸೂರಿನ ಊರೂರಿನಲ್ಲೂ ಶಾನುಭೋಗರಿದ್ದರಲ್ಲ, ಅಲ್ಲಿ ಈ ಅಡ್ಡಹೆಸರು ಇಷ್ಟು ಅಪರೂಪವೇಕೆ? ಉತ್ತರ ನಮ್ಮ ಹೆಸರಿಡುವ ಪದ್ಧತಿಯಲ್ಲಿದೆ. ಹಳೆಯ ಮೈಸೂರಿನವರು ಊರಿನ, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡರು. ಹೆಸರಿನ ಹಿಂದೆ ಮನೆತನದ ಹೆಸರನ್ನು ಅಂಟಿಸುವ ರೂಢಿ ಅಲ್ಲಿ ಬಲವಾಗಿರಲಿಲ್ಲ. ನಮ್ಮೂರಿನಲ್ಲಿ ‘ಶಾನುಭೋಗರ ಮನೆ’ ಎಂದರೆ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮನೆಯ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಎರಡು ಇನಿಷಿಯಲ್‌ಗಳೊಡನೆ ಮುಗಿಯುತ್ತಿತ್ತು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ, ವಿಶೇಷವಾಗಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತರಲ್ಲಿ, ಕಾಮತ, ಪೈ, ಪ್ರಭು, ನಾಯಕ ಎಂಬಂತೆ ಮನೆತನದ ಹೆಸರು ಹೇಳುವುದು ವಾಡಿಕೆ. ಅಲ್ಲಿ ಹುದ್ದೆಯ ಹೆಸರು ಅಡ್ಡಹೆಸರಾಗಿ ನಿಂತಿತು. ಅಲ್ಲಿಂದ ಮುಂಬಯಿಗೂ ಹೊರದೇಶಗಳಿಗೂ ಹೋಯಿತು. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆದುದರಿಂದ ಒಂದೇ ಹೆಸರು ನಾಲ್ಕಾರು ಹೆಸರುಗಳಂತೆ ತೋರುತ್ತದೆ.

ಈ ಹೆಸರಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಇತಿಹಾಸದ ಮೇಷ್ಟರಾಗಿ ನಾನು ನ್ಯಾಯ ಸಲ್ಲಿಸಿದಂತಾಗದು. ಓದು ಬರಹ ಕೆಲವರಿಗೆ ಮಾತ್ರ ದಕ್ಕಿದ್ದ ಕಾಲದಲ್ಲಿ ಬರೆಯುವವನ ಕೈಯಲ್ಲಿ ದೊಡ್ಡ ಅಧಿಕಾರವಿತ್ತು. ಹೆಚ್ಚಿನ ಊರುಗಳಲ್ಲಿ ಈ ಹುದ್ದೆ ಬ್ರಾಹ್ಮಣ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ತನ್ನ ಹೆಸರಿನಲ್ಲಿ ಎಷ್ಟು ಬರೆದಿದೆ ಎಂಬುದನ್ನು ಓದಿಕೊಳ್ಳಲಾರದ ರೈತ ಆ ಮಾತನ್ನು ನಂಬಬೇಕಿತ್ತು. ನಂಬಿಕೆ ಉಳಿಸಿಕೊಂಡ ಶಾನುಭೋಗರನ್ನು ಜನ ದೇವರಂತೆ ಕಂಡರು. ಒಂದು ಗೆರೆ ಎಳೆದು ಹೊಲದ ಎಲ್ಲೆಯನ್ನೇ ಬದಲಿಸಿದವರನ್ನು ಶಪಿಸಿದರು. ನಮ್ಮ ಹಿರಿಯರ ಮಾತಿನಲ್ಲಿ ಈ ಗೌರವ, ಈ ಅಂಜಿಕೆ ಎರಡೂ ಕೂಡಿಯೇ ಇದ್ದವು.

1956ರಲ್ಲಿ ರಾಜ್ಯ ಒಂದಾದ ಮೇಲೆ 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆಯಾಯಿತು. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲಿಕೆಯೂ ಶಾನುಭೋಗಿಕೆಯೂ ಕೊನೆಗೊಂಡವು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಇತ್ತೀಚಿನ ವರ್ಷಗಳಲ್ಲಿ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಾಗಿದೆ. ಯಾವ ಮನೆಯ ಹುಡುಗಿಯಾದರೂ ಓದಿ ಪರೀಕ್ಷೆ ಬರೆದು ಆ ಕುರ್ಚಿಯಲ್ಲಿ ಕೂರಬಹುದು. ನನ್ನ ವಿದ್ಯಾರ್ಥಿನಿಯರಲ್ಲಿಯೇ ಹಾಗೆ ಕುಳಿತವರಿದ್ದಾರೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಹುದ್ದೆ ಹೋದರೂ ಹೆಸರು ಮರೆಯಾಗಲಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಶಾನುಭೋಗರ ಮಗಳು’ ಕವನ ಹಾಡಾಗಿ, ಶಾನುಭೋಗರನ್ನು ಕಂಡೇ ಇರದ ಪೀಳಿಗೆಗೂ ಆ ಪದವನ್ನು ತಲುಪಿಸಿತು. ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗರು ಅದನ್ನು ಹೊರನಾಡಿನ ಓದುಗರ ಬಳಿಗೂ ಒಯ್ದಿದ್ದಾರೆ.

ಇನ್ನೊಬ್ಬರನ್ನು ನೆನೆಯದೆ ಮುಗಿಸಲಾರೆ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ನಡೆದ ಕ್ರೂರ ಹಲ್ಲೆಯಿಂದ ಅರಿವು ಕಳೆದುಕೊಂಡು, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನಲವತ್ತೊಂದು ವರ್ಷಕ್ಕೂ ಮಿಕ್ಕು ಅಲ್ಲಿನ ದಾದಿಯರೇ ಅವರನ್ನು ನೋಡಿಕೊಂಡರು. ದಯಾಮರಣ ಕೋರಿ ಸಲ್ಲಿಕೆಯಾದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಕಟ್ಟುನಿಟ್ಟಿನ ನಿಯಮಗಳಡಿ ನಿಲ್ಲಿಸಬಹುದೆಂದು ಅದೇ ತೀರ್ಪಿನಲ್ಲಿ ಮೊದಲ ಬಾರಿಗೆ ಹೇಳಿತು. ಇಂದು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಶಾನಭಾಗ ಪ್ರಕರಣವೆಂದು ಓದುವುದು ಅದನ್ನೇ. ಮಗಳಿಗೆ ಹೆಸರಿನ ಕತೆ ಹೇಳುವಾಗ ಈ ತಾಯಿಯ ಕತೆಯನ್ನೂ ಹೇಳಬೇಕೆಂದು ಆ ನನ್ನ ವಿದ್ಯಾರ್ಥಿಗೆ ಬರೆದಿದ್ದೇನೆ.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ಒಂದು ವಿನಂತಿ. ಹಳೆಯ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುತ್ತಿರುವ ದಿನಗಳಿವು. ಅಟ್ಟದ ಮೇಲೆ ಮಸಿಹಿಡಿದ ಬಟ್ಟೆಯ ಮಡಿಕೆ, ತಾಳೆಗರಿಯ ಕಟ್ಟು, ಲೆಕ್ಕದ ಹಳೆಯ ಪುಸ್ತಕ ಸಿಕ್ಕರೆ ಬಚ್ಚಲ ಒಲೆಗೆ ಹಾಕಬೇಡಿ. ಮೋಡಿ ಅಕ್ಷರ ಓದಲು ಬಾರದಿದ್ದರೆ ಓದಬಲ್ಲವರಿಗೆ ತೋರಿಸಿ, ಇಲ್ಲವೇ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತಲುಪಿಸಿ. ಅದರಲ್ಲಿರುವುದು ಒಂದು ಮನೆತನದ ಕತೆಯಷ್ಟೇ ಆಗಿರಲಾರದು. ಓದು ಬಾರದ ನೂರಾರು ರೈತರ ಹೆಸರು, ಅವರು ಉತ್ತ ಹೊಲ, ತೆತ್ತ ಕಂದಾಯ ಬೇರೆಲ್ಲಿಯೂ ಬರೆದಿಟ್ಟಿಲ್ಲ.