ಬಾಡಿಗೆ ಕಾರಿನ ಕಾಲ: ಐದು ತಾಲ್ಲೂಕುಗಳ ರಸ್ತೆಯಿಂದ ಮರೆಯಾದ ವಾಹನಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಾರು ಎಂಬುದು ಮನೆಯೊಂದರ ಸ್ವತ್ತಾಗುವ ಮೊದಲು ಹಲವು ದಶಕಗಳ ಕಾಲ ಊರಿಗೆಲ್ಲ ಒದಗುವ ಬಾಡಿಗೆಯ ಸಾಧನವಾಗಿತ್ತು. ಅಂಬಾಸಿಡರ್, ಫಿಯಟ್, ಮಹೀಂದ್ರ ಜೀಪು, ಟೆಂಪೋ ಟ್ರ್ಯಾಕ್ಸ್ ಮೊದಲಾದ ವಾಹನಗಳು ಈ ಭಾಗದ ರಸ್ತೆಗಳಿಂದ ಒಂದೊಂದಾಗಿ ಕಣ್ಮರೆಯಾದುದನ್ನು ಯಂತ್ರಗಳ ಹಳತಾಗುವಿಕೆಯೆಂದಷ್ಟೇ ಕಂಡರೆ ಅರ್ಧ ಸಂಗತಿ ಕೈಬಿಟ್ಟು ಹೋಗುತ್ತದೆ. ಏಕೆಂದರೆ ಅವುಗಳ ಜೊತೆಯಲ್ಲಿ ಬಾಡಿಗೆ, ಚಾಲಕ, ಮೆಕ್ಯಾನಿಕ್ ಮತ್ತು ಪ್ರಯಾಣಿಕರನ್ನು ಒಂದು ಊರಿನೊಳಗೆ ಹೆಣೆದಿದ್ದ ವ್ಯವಸ್ಥೆಯೊಂದೂ ಕರಗಿತು.

ಈ ವ್ಯವಸ್ಥೆ ಬೇರೂರಲು ಸೀಮೆಯ ಭೂಗೋಳವೂ ಅದರ ಆಡಳಿತದ ಚರಿತ್ರೆಯೂ ಕಾರಣವಾದವು. ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಪ್ರದೇಶ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಬರುತ್ತಿದ್ದ ಮೀಟರ್ ಗೇಜ್ ರೈಲುಮಾರ್ಗ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗ, ಕೊಟ್ಟೂರಿನಲ್ಲಿ ಕೊನೆಗೊಳ್ಳುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಹರಪನಹಳ್ಳಿಯ ಮೇಲೆ ಹರಿಹರವನ್ನು ಮುಟ್ಟುವ ಹಳಿ ಹಾಕಲು ಇನ್ನೊಂದು ಶತಮಾನವೇ ಬೇಕಾಯಿತು. ಕೂಡ್ಲಿಗಿ ಮತ್ತು ಹೂವಿನಹಡಗಲಿ ಪಟ್ಟಣಗಳಿಗಂತೂ ರೈಲು ಬರಲೇ ಇಲ್ಲ. ದೊಡ್ಡ ಆಸ್ಪತ್ರೆ, ದೊಡ್ಡ ಮಾರುಕಟ್ಟೆ, ಜಿಲ್ಲಾ ಕಚೇರಿಗಳೆಲ್ಲ ದೂರದಲ್ಲಿದ್ದವು ಮಾತ್ರವಲ್ಲ, ಬೇರೆ ಬೇರೆ ದಿಕ್ಕಿನಲ್ಲಿದ್ದವು. ಹರಪನಹಳ್ಳಿಯ ಮುಖ ದಾವಣಗೆರೆಯ ಕಡೆಗೆ, ಕೂಡ್ಲಿಗಿಯದು ಬಳ್ಳಾರಿ ಮತ್ತು ಚಿತ್ರದುರ್ಗದ ಕಡೆಗೆ, ಹಡಗಲಿಯದು ತುಂಗಭದ್ರೆಯನ್ನು ದಾಟಿ ಗದಗ, ಹುಬ್ಬಳ್ಳಿಯ ಕಡೆಗೆ. ಹಗಲಿನಲ್ಲಿ ಬಸ್ಸು ಈ ಅಂತರವನ್ನು ತುಂಬುತ್ತಿದ್ದರೂ ರಾತ್ರಿಯ ಹೆರಿಗೆ ನೋವಿಗೆ, ಹಾವು ಕಚ್ಚಿದವರಿಗೆ, ಪರಊರಿನಲ್ಲಿ ತೀರಿಕೊಂಡವರನ್ನು ಮನೆಗೆ ತರುವುದಕ್ಕೆ ಬಸ್ಸಿನ ವೇಳಾಪಟ್ಟಿ ಒದಗುತ್ತಿರಲಿಲ್ಲವಾದ್ದರಿಂದ, ಪೇಟೆಯಲ್ಲಿದ್ದ ನಾಲ್ಕಾರು ಬಾಡಿಗೆ ಕಾರುಗಳೇ ಸುತ್ತಲಿನ ಹಳ್ಳಿಗಳ ಆಪತ್ಕಾಲದ ಆಸರೆಯಾಗಿದ್ದವು.

ಆ ಕಾರುಗಳಲ್ಲಿ ಮೊದಲ ಸ್ಥಾನ ಅಂಬಾಸಿಡರ್‌ನದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ತಯಾರಿಸಿದ ಈ ಕಾರು, ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರು ಬದಲಿಸುತ್ತ ಹೋದರೂ ತನ್ನ ದುಂಡನೆಯ ಮೈಕಟ್ಟನ್ನು ಐದು ದಶಕಕ್ಕೂ ಹೆಚ್ಚು ಕಾಲ ಉಳಿಸಿಕೊಂಡಿತು. ಇದರ ಪ್ರತಿಸ್ಪರ್ಧಿಯಾದ ಫಿಯಟ್ 1100 ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್‌ನ ತಯಾರಿಕೆ. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟಾಗಿಯೇ ಉಳಿಯಿತು. ಪರವಾನಗಿ ಪದ್ಧತಿಯ ಆ ಕಾಲದಲ್ಲಿ, ಅಂದರೆ ಯಾವ ಕಾರ್ಖಾನೆ ಏನನ್ನು ಎಷ್ಟು ತಯಾರಿಸಬೇಕೆಂಬುದನ್ನು ಕೇಂದ್ರ ಸರಕಾರವೇ ನಿರ್ಧರಿಸುತ್ತಿದ್ದ ದಿನಗಳಲ್ಲಿ, ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಸಣ್ಣ ಪಟ್ಟಣಗಳ ಬಾಡಿಗೆ ವೃತ್ತಿ ಬಹುಮಟ್ಟಿಗೆ ಎರಡನೆಯ, ಮೂರನೆಯ ಕೈಯಿಂದ ಬಂದ ಕಾರುಗಳ ಮೇಲೆ ನಿಂತಿತ್ತು.

ಅಂಬಾಸಿಡರ್ ಈ ಸೀಮೆಗೆ ಒಗ್ಗಿದ್ದಕ್ಕೆ ಅದರ ರಚನೆಯಲ್ಲಿಯೇ ಕಾರಣವಿದೆ. ಮಸಾರಿ ಎನ್ನುವ ಕೆಂಪು ಗರಸಿನ ನೆಲದ ದಾರಿಗಳು ಬೇಸಿಗೆಯಲ್ಲಿ ಧೂಳೆಬ್ಬಿಸಿದರೆ, ಎರೆ ಎನ್ನುವ ಕಪ್ಪು ನೆಲದ ದಾರಿಗಳು ಒಂದು ಮಳೆಗೆ ಅಂಟಾಗಿ ಗಾಲಿಯನ್ನೇ ಹಿಡಿದುಕೊಳ್ಳುತ್ತಿದ್ದವು. ಇಂಥ ದಾರಿಯಲ್ಲಿ ನೆಲದಿಂದ ಎತ್ತರವಾಗಿ ನಿಂತ ಒಡಲೂ ಹಿಂದುಗಡೆಯ ಉಕ್ಕಿನ ಪಟ್ಟಿಗಳ ಸ್ಪ್ರಿಂಗೂ ಭಾರವನ್ನು ತಾಳಿಕೊಳ್ಳುತ್ತಿದ್ದವು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿದ್ದುದರಿಂದ ಮುಂದಿನ ಸೀಟು ಒಂದೇ ಬೆಂಚಾಗಿತ್ತು, ಚಾಲಕನ ಮಗ್ಗುಲಲ್ಲಿ ಇಬ್ಬರು ಆರಾಮವಾಗಿ ಕೂರಬಹುದಿತ್ತು. ಐದು ಜನರಿಗೆಂದು ಮಾಡಿದ ಕಾರಿನಲ್ಲಿ ಮದುವೆಯ ಬೀಗರು ಮಕ್ಕಳುಮರಿಗಳೊಂದಿಗೆ ಎಂಟು ಹತ್ತು ಮಂದಿ ಪಯಣಿಸಿದ್ದನ್ನು ಕಾನೂನು ಒಪ್ಪುವಂತಿರಲಿಲ್ಲವಾದರೂ ಬಾಡಿಗೆಯನ್ನು ಹಂಚಿಕೊಂಡು ಕೊಡುವ ಬಡವರಿಗೆ ಕಾರನ್ನು ಎಟುಕಿಸಿದ್ದು ಆ ಅಗಲವೇ ಎಂಬುದನ್ನು ಮರೆಯಲಾಗದು.

ಕಾರಿನಷ್ಟೇ ಮಹತ್ವ ಅದರ ರಿಪೇರಿಗಿದೆ, ಮತ್ತು ಈ ಇತಿಹಾಸದ ಅತ್ಯಂತ ಅಲಕ್ಷಿತ ಭಾಗವೂ ಅದೇ. 1489 ಸಿಸಿಯ, ಅಂದರೆ ಸಿಲಿಂಡರುಗಳ ಒಟ್ಟು ಒಳ ಅಳತೆ ಸುಮಾರು ಒಂದೂವರೆ ಲೀಟರಿನಷ್ಟಿದ್ದ, ಅಂಬಾಸಿಡರ್ ಎಂಜಿನ್ನನ್ನು ಬಾನೆಟ್ ಎತ್ತಿದೊಡನೆ ಬರಿಗಣ್ಣಿನಿಂದ ಓದಬಹುದಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸುವ ಕಾರ್ಬೊರೇಟರ್ ಕಟ್ಟಿಕೊಂಡರೆ ಬಾಯಿಂದ ಊದಿ ಸರಿಪಡಿಸುವುದು, ಕಿಡಿಯನ್ನು ಹುಟ್ಟಿಸುವ ಪ್ಲಾಟಿನಂ ಪಾಯಿಂಟನ್ನು ಅರದಿಂದ ಉಜ್ಜಿ ಅಂತರ ಕೂರಿಸುವುದು, ಬ್ಯಾಟರಿ ಸತ್ತಾಗ ಹ್ಯಾಂಡಲ್ ತಿರುಗಿಸಿ ಎಬ್ಬಿಸುವುದು, ಇವೆಲ್ಲ ಚಾಲಕನೇ ಕಲಿತಿರಬೇಕಾದ ವಿದ್ಯೆಗಳಾಗಿದ್ದವು. ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುವ ಬೋರಿಂಗ್ ಎಂಬ ಕ್ರಿಯೆಯಿಂದ ಒಂದೇ ಎಂಜಿನ್ನು ಎರಡು ಮೂರು ಜನ್ಮ ಕಾಣುತ್ತಿತ್ತು. ಓದು ಬಿಟ್ಟ ಹುಡುಗನೊಬ್ಬ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ ಹತ್ತು ವರ್ಷದಲ್ಲಿ ಮೇಸ್ತ್ರಿಯಾಗುವ ದಾರಿ ಇದರಿಂದಲೇ ತೆರೆದಿತ್ತು. ಶಾಲೆಯಿಲ್ಲದ ಶಾಲೆಯೆಂದು ಅದನ್ನು ಕರೆದರೆ ಅತಿಶಯವಾಗದು.

ಜೀಪಿನ ಕಥೆ ಬೇರೆ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಅಭಿವೃದ್ಧಿ ಅಧಿಕಾರಿಯ, ಅಂದರೆ ಬಿ.ಡಿ.ಒ. ಅವರ, ಜೀಪು ಹಳ್ಳಿಯ ಮಟ್ಟಿಗೆ ಸರಕಾರದ ಗುರುತೇ ಆಯಿತು. ಇಲಾಖೆಗಳು ಹರಾಜಿಗೆ ಹಾಕಿದ ಜೀಪುಗಳು ಖಾಸಗಿಯವರ ಕೈಸೇರಿ ಹಿಂಬದಿಯಲ್ಲಿ ಎದುರುಬದುರು ಬೆಂಚು ಹಾಕಿಸಿಕೊಂಡು ಸೀಟಿನ ಲೆಕ್ಕದಲ್ಲಿ ಓಡತೊಡಗಿದವು. 1980ರ ದಶಕದ ಕೊನೆಯಲ್ಲಿ ಬಜಾಜ್ ಟೆಂಪೋ ಸಂಸ್ಥೆಯ ಟ್ರ್ಯಾಕ್ಸ್ ಬಂದಾಗ ಈ ರೂಢಿಗೆ ಹೇಳಿ ಮಾಡಿಸಿದ ವಾಹನ ಸಿಕ್ಕಂತಾಯಿತು. 1988ರ ಮೋಟಾರು ವಾಹನ ಕಾಯ್ದೆ ಚಾಲಕನನ್ನು ಬಿಟ್ಟು ಆರು ಜನರವರೆಗೆ ಒಯ್ಯುವ ಬಾಡಿಗೆ ವಾಹನವನ್ನು ಮೋಟಾರ್ ಕ್ಯಾಬ್ ಎಂದೂ, ಆರಕ್ಕಿಂತ ಹೆಚ್ಚು ಹನ್ನೆರಡರವರೆಗೆ ಒಯ್ಯುವುದನ್ನು ಮ್ಯಾಕ್ಸಿ ಕ್ಯಾಬ್ ಎಂದೂ ವಿಂಗಡಿಸಿತು. ಸಂತೆಯ ದಿನ, ಕೊಟ್ಟೂರು ಗುರುಬಸವೇಶ್ವರನ ತೇರಿನ ದಿನ, ಉಜ್ಜಿನಿ, ಕೂಲಹಳ್ಳಿ, ಉಚ್ಚಂಗಿದುರ್ಗಗಳ ಜಾತ್ರೆಯ ದಿನ ಟ್ರ್ಯಾಕ್ಸಿನ ಹಿಂದೆ, ಮೇಲೆ, ಮಗ್ಗುಲಲ್ಲಿ ತೂಗಾಡುತ್ತಿದ್ದ ಜನರ ಮುಂದೆ ಈ ವಿಂಗಡಣೆ ಕಾಗದದ ಮೇಲಷ್ಟೇ ಉಳಿಯುತ್ತಿತ್ತು. ಅಪಾಯ ನಿಜವಾಗಿತ್ತು, ಆದರೆ ಬಸ್ಸು ಹೋಗದ ಹಳ್ಳಿಗೆ ಬೇರೆ ದಾರಿಯೂ ಇರಲಿಲ್ಲ.

ಇಳಿಗಾಲ ಒಂದೇ ಪೆಟ್ಟಿಗೆ ಬರಲಿಲ್ಲ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಶಿಕ್ಷಕ, ವೈದ್ಯ, ವ್ಯಾಪಾರಿಗಳ ಮನೆಗೆ ಕಾರನ್ನು ತಂದು, ಊರಿನ ಕಾರಿನ ಬದಲು ಮನೆಯ ಕಾರು ಎಂಬ ಕಲ್ಪನೆಯನ್ನು ಬಿತ್ತಿತು. 2014ರಲ್ಲಿ ಅದರ ತಯಾರಿಕೆಯೂ ನಿಂತು ಈಗ ಅದೇ ಅಪರೂಪದ ಸಾಲಿಗೆ ಸೇರುತ್ತಿದೆ. ನೆರೆಯ ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರಿಗೆ ಹೊಸ ಶತಮಾನದ ಮೊದಲ ದಶಕದಲ್ಲಿ ಬೆಲೆ ಏರಿದಾಗ ಹರಿದುಬಂದ ಹಣ ಸ್ಕಾರ್ಪಿಯೊ, ಇನ್ನೋವಾಗಳನ್ನು ಅಂತಸ್ತಿನ ಗುರುತಾಗಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೂ ಆ ರುಚಿ ಹಿಂದೆ ಸರಿಯಲಿಲ್ಲ. ಹೊಗೆಯ ಮಿತಿಯನ್ನು ಕಟ್ಟುನಿಟ್ಟಾಗಿಸಿದ ಭಾರತ್ ಸ್ಟೇಜ್ ನಿಯಮಗಳು ಕಾರ್ಬೊರೇಟರನ್ನು ಹೊರಗಟ್ಟಿದವು. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು, ಅಂಬಾಸಿಡರ್ ಎಂಬ ಹೆಸರು 2017ರಲ್ಲಿ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಸಮೂಹಕ್ಕೆ ಮಾರಾಟವಾಯಿತು. ಹದಿನೈದು ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿದಾಗ, ಅಂಗಳದ ಮೂಲೆಯಲ್ಲಿ ನಿಂತಿದ್ದ ಕಾರನ್ನು ಗುಜರಿಗೆ ತೂಕಕ್ಕೆ ಹಾಕುವುದೇ ಲೇಸೆಂದು ಬಗೆದವರು ಕಡಿಮೆಯಿರಲಾರರು.

ವಿಚಿತ್ರವೆಂದರೆ, ಈ ಕಾರುಗಳನ್ನು ಅಪರೂಪವಾಗಿಸಿದ್ದರಲ್ಲಿ ಅವುಗಳ ಸರ್ವೇಸಾಮಾನ್ಯತೆಯ ಪಾಲು ದೊಡ್ಡದು. ಅರಮನೆಯ ರೋಲ್ಸ್‌ರಾಯ್ಸ್‌ಗೆ ಶೆಡ್ಡೂ ಒರೆಸುವ ಕೈಯೂ ಇದ್ದವು. ಬಾಡಿಗೆಯ ಅಂಬಾಸಿಡರ್ ಮಾತ್ರ ದುಡಿದು ಸವೆಯಿತು, ಸವೆದ ಮೇಲೆ ಬಿಚ್ಚಿಸಿಕೊಂಡು ಇನ್ನೊಂದು ಅಂಬಾಸಿಡರ್‌ನ ಬಿಡಿಭಾಗವಾಯಿತು. ಹೀಗೆ ಹತ್ತು ಕಾರು ಕರಗಿ ಐದಾಗಿ, ಐದು ಒಂದಾಗಿ ಉಳಿದವು. ಎತ್ತಿನ ಬಂಡಿಯ ಭಾಗ್ಯವೂ ಅದಕ್ಕೆ ಒದಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುವ ಜಾತ್ರೆಗೆ ಕೊಲ್ಲಾರಿ ಬಂಡಿ, ಎಂದರೆ ಮೇಲೆ ಕಮಾನಿನ ಮುಚ್ಚಿಗೆ ಕಟ್ಟಿದ ಬಂಡಿ, ಹೂಡಿಕೊಂಡು ಬರುವುದು ಹರಕೆಯ ಅಂಗವಾಗಿರುವುದರಿಂದ, ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂದ ಮೇಲೂ ಬಂಡಿಗೆ ವರ್ಷಕ್ಕೊಮ್ಮೆ ತನ್ನ ದಾರಿ ಉಳಿದಿದೆ. ಕಾರಿನ ಸುತ್ತ ಅಂಥ ಆಚರಣೆ ಬೆಳೆಯುವಷ್ಟು ಕಾಲಾವಕಾಶ ಸಿಗಲಿಲ್ಲ.

ಉಳಿದಿರುವ ಆಧಾರಗಳು ಬಹುಮಟ್ಟಿಗೆ ಮದುವೆಯ ಆಲ್ಬಮ್ಮುಗಳಲ್ಲಿವೆ. ಹೂಮಾಲೆ ಇಳಿಬಿಟ್ಟ ಬಾನೆಟ್ಟಿನ ಮುಂದೆ ನಿಂತ ಮದುಮಕ್ಕಳ ಕಾಲ ಬಳಿ ನಂಬರ್ ಪ್ಲೇಟು ಓದುವಂತಿದ್ದರೆ ಸಂಶೋಧಕನಿಗೆ ಅದೇ ಒಂದು ಶಾಸನ. ಎಂ.ವೈ. ಎಂಬ ಮೊದಲಕ್ಷರಗಳು ಮೈಸೂರು ಹೆಸರಿನ ಕಾಲದ ನೋಂದಣಿ ಪದ್ಧತಿಯನ್ನೂ, ಕೆಎ 34 ಬಳ್ಳಾರಿಯನ್ನೂ, ಕೆಎ 35 ಹೊಸಪೇಟೆಯನ್ನೂ ಸೂಚಿಸುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿಯ ಅಂಗಳಗಳಲ್ಲಿ ಕೆಎ 17ರ ಹಳೆಯ ಕಾರೊಂದು ಕಂಡರೆ, ಅದು ಆ ಇಪ್ಪತ್ತು ವರ್ಷಗಳ ದಾವಣಗೆರೆಯ ನಂಟನ್ನು ಇನ್ನೂ ಹಣೆಯ ಮೇಲೆ ಹೊತ್ತು ನಿಂತಿರುತ್ತದೆ.