ದೇವಾಲಯದೊಳಗಣ ಯಂತ್ರಚಕ್ಷು

1921ನೆಯ ಇಸವಿಯ ಜನವರಿ 2ರ ಭಾನುವಾರ ಸಂಜೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಲ್ಲಿ ನಡೆದ ಆರಾಧನೆಯು, ಎರಡು ತಿಂಗಳ ಹಿಂದೆಯಷ್ಟೇ ಚುನಾವಣೆಯ ಫಲಿತಾಂಶವನ್ನು ಸಾರಿ ಪ್ರಸಿದ್ಧಿಗೆ ಬಂದಿದ್ದ ಕೆಡಿಕೆಎ ಬಾನುಲಿ ಕೇಂದ್ರದ ಮೂಲಕ ದೇವಾಲಯದ ಗೋಡೆಗಳನ್ನು ದಾಟಿ ಹೊರಗೆ ಕೇಳಿಬಂದಿತು. ಕ್ರೈಸ್ತ ಆರಾಧನೆಯು ಬಾನುಲಿಯಲ್ಲಿ ಪ್ರಸಾರವಾದುದು ಅದೇ ಮೊದಲೆಂದು ಇತಿಹಾಸಕಾರರು ಎಣಿಸುತ್ತಾರೆ. ಕೇಂದ್ರವನ್ನು ನಡೆಸುತ್ತಿದ್ದ ವೆಸ್ಟಿಂಗ್‌ಹೌಸ್ ಸಂಸ್ಥೆಯ ಎಂಜಿನಿಯರೊಬ್ಬರು ಆ ಚರ್ಚಿನ ಗಾಯಕವೃಂದಕ್ಕೆ ಸೇರಿದವರಾಗಿದ್ದುದೇ ಈ ದೇವಾಲಯವನ್ನು ಆರಿಸಿಕೊಳ್ಳಲು ಕಾರಣವಾಯಿತು. ಹಿರಿಯ ಸಭಾಪಾಲಕರಾದ ಎಡ್ವಿನ್ ವ್ಯಾನ್ ಎಟನ್ನರು ಈ ಹೊಸ ಸಾಹಸದ ಫಲವೇನಾದೀತೋ ಎಂಬ ಶಂಕೆಯಿಂದ ಅಂದಿನ ಪ್ರಸಂಗವನ್ನು ತಮ್ಮ ಸಹಾಯಕರಿಗೆ ಬಿಟ್ಟುಕೊಟ್ಟರು. ಯಂತ್ರವನ್ನು ನೋಡಿಕೊಳ್ಳಲು ಬಂದಿದ್ದ ತಂತ್ರಜ್ಞರಿಬ್ಬರಲ್ಲಿ ಒಬ್ಬರು ಕ್ಯಾಥೊಲಿಕರು, ಇನ್ನೊಬ್ಬರು ಯೆಹೂದ್ಯರು. ಭಕ್ತರ ಚಿತ್ತ ಚದುರಬಾರದೆಂಬ ಕಾರಣದಿಂದ ಅವರಿಬ್ಬರಿಗೂ ಗಾಯಕವೃಂದದ ನಿಲುವಂಗಿಗಳನ್ನು ತೊಡಿಸಿ ಕೂರಿಸಲಾಗಿತ್ತು.

ಈ ನಿಲುವಂಗಿಗಳ ವೃತ್ತಾಂತವನ್ನು ನಾನು ಕೇವಲ ವಿನೋದದ ಸಂಗತಿಯೆಂದು ಭಾವಿಸಲಾರೆ. ಆರಾಧನೆಯನ್ನು ದೂರದವರಿಗೆ ಮುಟ್ಟಿಸಬೇಕು, ಆದರೆ ಮುಟ್ಟಿಸುವವನು ಆರಾಧನೆಗೆ ಅಡ್ಡಬರಬಾರದು ಎಂಬ ಪ್ರಶ್ನೆಯು ಅಂದೇ ಸಂಪೂರ್ಣವಾಗಿ ಉದ್ಭವಿಸಿತ್ತು. ಅಲ್ಲಿಂದೀಚೆಗಿನ ನೂರು ವರ್ಷಗಳ ಇತಿಹಾಸವೆಲ್ಲವೂ ಯಂತ್ರವನ್ನು ನಡೆಸುವ ಮನುಷ್ಯನು ಬಲಿಪೀಠದ ಬಳಿಯಿಂದ ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿದ ಕಥೆಯೇ ಆಗಿದೆ.

ಇಂಗ್ಲೆಂಡಿನಲ್ಲಿ ಈ ಸಂಕೋಚವು ಇನ್ನೂ ತೀವ್ರವಾಗಿತ್ತು. 1923ರ ಏಪ್ರಿಲಿನಲ್ಲಿ ಯಾರ್ಕಿನ ಡ್ಯೂಕರ ವಿವಾಹವನ್ನು ವೆಸ್ಟ್‌ಮಿನ್ಸ್ಟರ್ ಅಬ್ಬೆಯಿಂದ ಪ್ರಸಾರಮಾಡಲು ಬಿಬಿಸಿ ಬಯಸಿದಾಗ ಅಬ್ಬೆಯ ಅಧಿಕಾರಿಗಳು ಒಪ್ಪಲಿಲ್ಲ. ಪಾನಗೃಹಗಳಲ್ಲಿ ಕುಳಿತವರು ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಪವಿತ್ರ ವಚನಗಳನ್ನು ಕೇಳಿಯಾರೆಂಬ ಆತಂಕವೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆದರೆ ಮರುವರ್ಷದ ಜನವರಿ 6ರಂದು ಟ್ರಫಾಲ್ಗರ್ ಚೌಕದ ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್ ಚರ್ಚಿನ ಡಿಕ್ ಶೆಪರ್ಡರು ತಮ್ಮ ದೇವಾಲಯದ ಬಾಗಿಲನ್ನು ಬಾನುಲಿಗೆ ತೆರೆದರು. 1926ರ ಅಕ್ಟೋಬರಿನಲ್ಲಿ ಅಬ್ಬೆಯೇ ತನ್ನ ಸಂಧ್ಯಾಪ್ರಾರ್ಥನೆಯ ಗಾಯನವನ್ನು ಪ್ರಸಾರಕ್ಕೆ ಕೊಟ್ಟಿತು. ವಾರಕ್ಕೊಮ್ಮೆ ಬರುವ ಆ ಕಾರ್ಯಕ್ರಮವು ಇಂದಿಗೂ ನಡೆದುಬರುತ್ತಿದೆ.

ಕಿವಿಗೆ ದೊರೆತ ಪ್ರವೇಶವು ಕಣ್ಣಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ, ದೊರೆಯಬೇಕಾಗಿಯೂ ಇರಲಿಲ್ಲ. ಧ್ವನಿಯು ಆರಾಧನೆಯ ಕ್ರಮವನ್ನು ಅನುಸರಿಸಿ ಬರುವುದಾದರೆ, ನೋಟವು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ಕಣ್ಣೀರಿಡುವ ವೃದ್ಧೆಯ ಮುಖವನ್ನು, ಆಕಳಿಸುವ ಬಾಲಕನನ್ನು, ನಡುಗುವ ಗುರುವಿನ ಕೈಯನ್ನು ಅದು ಒಂದೇ ಸಮನಾದ ಕುತೂಹಲದಿಂದ ಹಿಡಿದಿಡಬಲ್ಲುದು. 1948ರ ಕ್ರಿಸ್ಮಸ್ ಹಿಂದಿನ ರಾತ್ರಿ ಪ್ಯಾರಿಸಿನ ನೋತ್ರ್‌ದಾಮ್ ಮಹಾದೇವಾಲಯದ ಬಲಿಪೂಜೆಯು ದೂರದರ್ಶನದಲ್ಲಿ ಕಾಣಿಸಿತು. ಮರುವರ್ಷ ರೇಮಂಡ್ ಪಿಷಾರ್ ಎಂಬ ಡೊಮಿನಿಕನ್ ಸಂನ್ಯಾಸಿಯು ಪ್ರತಿ ಭಾನುವಾರದ ಪ್ರಸಾರವನ್ನೇ ಆರಂಭಿಸಿದನು. ಇದನ್ನು ಕಂಡು 1953ರಲ್ಲಿ ಜರ್ಮನ್ ದೇವಶಾಸ್ತ್ರಜ್ಞರಾದ ಕಾರ್ಲ್ ರಾನರ್ ಗಂಭೀರವಾದ ಆಕ್ಷೇಪವನ್ನೆತ್ತಿದರು: ದೀಕ್ಷಾಸ್ನಾನ ಪಡೆಯದವರನ್ನು ಬಲಿಪೂಜೆಯ ಮುಖ್ಯಭಾಗಕ್ಕೆ ಮುಂಚೆಯೇ ಹೊರಗೆ ಕಳುಹಿಸುತ್ತಿದ್ದ ಆದಿಕಾಲದ ಸಭೆಯ ರಹಸ್ಯಪಾಲನೆಯನ್ನು ನೆನಪಿಗೆ ತಂದು, ಆ ಪವಿತ್ರ ಕ್ಷಣವನ್ನು ಯಾರೆಂದರವರ ಉದಾಸೀನ ದೃಷ್ಟಿಗೆ ಒಡ್ಡುವುದು ಸಲ್ಲದೆಂದು ಅವರು ವಾದಿಸಿದರು. ಅವರ ತೀರ್ಮಾನವನ್ನು ನಾನು ಒಪ್ಪಲಾರೆನಾದರೂ ಅವರ ಭಯವು ನಿಜವಾದುದೆಂದೇ ನನ್ನ ಎಣಿಕೆ.

ಅದೇ ವರ್ಷದ ಜೂನ್ 2ರಂದು ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವು ಇದಕ್ಕೆ ಬೇರೊಂದು ರೀತಿಯ ಉತ್ತರವನ್ನು ಕೊಟ್ಟಿತು. ಅಬ್ಬೆಯ ಗಾಯನಮಂದಿರದ ಅಡ್ಡತೆರೆಯಿಂದ ಪೂರ್ವಕ್ಕೆ ದೂರದರ್ಶನದ ಕ್ಯಾಮೆರಾ ಹೋಗಕೂಡದೆಂದು ಮೊದಲಲ್ಲಿ ವಿಧಿಸಲಾಗಿತ್ತು. ಪ್ರಜೆಗಳ ಪ್ರತಿಭಟನೆಯ ತರುವಾಯ ಆ ನಿಷೇಧವು ಸಡಿಲವಾಯಿತು. ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಜನ ನೋಡಿದರೆನ್ನಲಾದ ಆ ಪ್ರಸಾರದಲ್ಲಿ, ಮೇಲ್ಕಟ್ಟಿನ ಕೆಳಗೆ ರಾಣಿಗೆ ಪವಿತ್ರ ತೈಲವನ್ನು ಲೇಪಿಸಿದ ಗಳಿಗೆಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಎಪ್ಪತ್ತು ವರ್ಷಗಳ ಬಳಿಕ, ಯಾವ ಮೂಲೆಯಿಂದಲಾದರೂ ನೋಡಬಲ್ಲ ಸೂಕ್ಷ್ಮಯಂತ್ರಗಳು ಕೈಗೆ ಬಂದಿದ್ದ 2023ರಲ್ಲಿ, ಮೂರನೆಯ ಚಾರ್ಲ್ಸನ ಅಭಿಷೇಕದ ವೇಳೆಗೂ ತೆರೆಯನ್ನು ಹಿಡಿಯಲಾಯಿತು.

ಆದರೆ ಈ ಪ್ರಸಾರಗಳ ಮೇಲೆ ಮೊದಲ ಹಕ್ಕು ಯಾರದೆಂಬುದನ್ನು ರೋಮಿನ ಗುರುಪೀಠವು ಅತ್ಯಂತ ಹೃದಯಂಗಮವಾಗಿ ಹೇಳಿತು. 1958ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಅಸ್ಸೀಸಿಯ ಸಂತ ಕ್ಲಾರಾಳನ್ನು ದೂರದರ್ಶನದ ಪಾಲಕಸಂತಳೆಂದು ಘೋಷಿಸಿದರು. 1252ರ ಕ್ರಿಸ್ಮಸ್ ರಾತ್ರಿ ಸಾನ್ ದಾಮಿಯಾನೋ ಮಠದಲ್ಲಿ ರೋಗಪೀಡಿತಳಾಗಿ ಹಾಸಿಗೆ ಹಿಡಿದಿದ್ದ ಆಕೆಗೆ, ಸಂಗಾತಿಗಳೆಲ್ಲರೂ ಪ್ರಾರ್ಥನೆಗೆ ಹೋಗಿ ತಾನೊಬ್ಬಳೇ ಉಳಿದಿದ್ದ ಹೊತ್ತಿನಲ್ಲಿ, ದೂರದ ಸಂತ ಫ್ರಾನ್ಸಿಸನ ದೇವಾಲಯದ ಗಾನವು ಕೇಳಿಬಂದು ಗೋದಲಿಯು ಕಣ್ಣಿಗೆ ಗೋಚರಿಸಿತೆಂಬುದು ಐತಿಹ್ಯ. ಹಾಸಿಗೆಯಿಂದ ಏಳಲಾರದವರೇ ಈ ವಿದ್ಯೆಯ ನಿಜವಾದ ಅಧಿಕಾರಿಗಳೆಂಬ ತತ್ತ್ವವು ಆ ಘೋಷಣೆಯಲ್ಲಿ ಅಡಗಿದೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಬಲಿಪೂಜೆಯ ಪ್ರಸಾರವು ವಿವೇಕದಿಂದಲೂ ಘನತೆಯಿಂದಲೂ ನಡೆಯತಕ್ಕದ್ದೆಂದೂ, ಅದಕ್ಕೆ ಧರ್ಮಾಧ್ಯಕ್ಷರಿಂದ ನಿಯುಕ್ತನಾದ ಯೋಗ್ಯ ವ್ಯಕ್ತಿಯೊಬ್ಬನು ಹೊಣೆಯಾಗಿರಬೇಕೆಂದೂ ವಿಧಿಸಿತು.

ಇಷ್ಟೆಲ್ಲ ಆದರೂ ದೂರದರ್ಶನದ ಪ್ರಸಾರವೆಂದರೆ ದೊಡ್ಡ ವಾಹನಗಳು, ದಪ್ಪ ಕೇಬಲುಗಳು, ಪ್ರಖರವಾದ ದೀಪಗಳು, ಕ್ಯಾಮೆರಾದ ಹಿಂದೆ ನಿಂತ ಆಳುಗಳು. ಸಾಮಾನ್ಯ ಚರ್ಚಿಗೆ ಅದು ಎಟುಕದ ಮಾತು. ಮನುಷ್ಯನು ಕ್ಯಾಮೆರಾವನ್ನು ಬಿಟ್ಟು ದೂರ ಕುಳಿತೇ ಅದನ್ನು ನಡೆಸಬಹುದೆಂಬುದನ್ನು ಗಂಭೀರ ಸಭೆಯೊಂದರಲ್ಲಿ ತೋರಿಸಿಕೊಟ್ಟುದು ಬ್ರಿಟಿಷ್ ಸಂಸತ್ತು: 1989ರ ನವೆಂಬರ್ 21ರಿಂದ ಕೆಳಮನೆಯ ಕಲಾಪಗಳು ದೂರನಿಯಂತ್ರಿತ ಕ್ಯಾಮೆರಾಗಳ ಮೂಲಕ ಪ್ರಸಾರವಾಗತೊಡಗಿದವು, ಮತ್ತು ಮಾತನಾಡುವವರ ತಲೆ ಭುಜಗಳಿಗಿಂತ ಹೆಚ್ಚಿನದನ್ನು ಸಾಮಾನ್ಯವಾಗಿ ತೋರಿಸಕೂಡದೆಂಬ ಕಟ್ಟುನಿಟ್ಟೂ ಆರಂಭದಲ್ಲಿ ಇತ್ತು. ಮುಂದಿನ ದಶಕದಲ್ಲಿ ಸೋನಿ ಸಂಸ್ಥೆಯು ದೂರಸಂವಾದದ ಕೊಠಡಿಗಳಿಗೆಂದು ನಿರ್ಮಿಸಿದ ಇವಿಐ ಮಾದರಿಯ ಪುಟ್ಟ ಕ್ಯಾಮೆರಾಗಳೂ, ಅವುಗಳಿಗೆ ಆಜ್ಞೆ ನೀಡುವ ವಿಸ್ಕಾ ಎಂಬ ಸಂಕೇತಕ್ರಮವೂ ಈ ವಿದ್ಯೆಯನ್ನು ಅಗ್ಗವಾಗಿಸಿದವು. ಪಿಟಿಝೆಡ್ ಎಂದು ಇಂದು ಕರೆಯಲ್ಪಡುವ ಈ ಯಂತ್ರದ ರಚನೆ ಸರಳವಾದುದು: ಒಂದು ಮೋಟಾರು ಅದನ್ನು ಎಡಬಲಕ್ಕೂ ಇನ್ನೊಂದು ಮೇಲೆ ಕೆಳಕ್ಕೂ ತಿರುಗಿಸುತ್ತದೆ, ಮಸೂರವು ದೂರದ್ದನ್ನು ಹತ್ತಿರಕ್ಕೆಳೆಯುತ್ತದೆ, ವಿದ್ಯುತ್ತು, ಚಿತ್ರ, ಆಜ್ಞೆ ಈ ಮೂರೂ ಒಂದೇ ತಂತಿಯಲ್ಲಿ ಸಾಗಬಲ್ಲವು. ಬಲಿಪೀಠ, ವಾಚನಪೀಠ, ದೀಕ್ಷಾಸ್ನಾನದ ತೊಟ್ಟಿ, ಗಾಯಕವೃಂದ ಇವುಗಳ ನೆಲೆಗಳನ್ನು ಮುಂಚಿತವಾಗಿ ಅದರ ನೆನಪಿನಲ್ಲಿ ಕೂಡಿಸಿಟ್ಟರೆ, ಹಿಂಬದಿಯಲ್ಲಿ ಕುಳಿತ ಸ್ವಯಂಸೇವಕನು ಗುಂಡಿಯೊತ್ತಿದೊಡನೆ ಅದು ಅತ್ತ ತಿರುಗುವುದು. ಒಂದೇ ಕ್ಯಾಮೆರಾ ಇದ್ದಲ್ಲಿ ಈ ತಿರುಗುವಿಕೆಯೇ ನೋಡುವವರ ಕಣ್ಣಿಗೆ ಹೊಡೆಯುತ್ತದೆ. ಆದುದರಿಂದ ಅನುಕೂಲವಿದ್ದವರು ಎರಡನ್ನು ನಿಲ್ಲಿಸಿ, ಒಂದರ ಚಿತ್ರ ಪ್ರಸಾರವಾಗುತ್ತಿರುವಾಗ ಇನ್ನೊಂದನ್ನು ಸದ್ದಿಲ್ಲದೆ ತಿರುಗಿಸಿಕೊಳ್ಳುತ್ತಾರೆ.

2020ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ದೇವಾಲಯಗಳ ಬಾಗಿಲುಗಳು ಮುಚ್ಚಿದಾಗ ಈ ಯಂತ್ರಕ್ಕೆ ಹಠಾತ್ತನೆ ಬೇಡಿಕೆ ಬಂದಿತು. ಇಂಗ್ಲೆಂಡಿನಲ್ಲಿ ಪಾದ್ರಿಗಳು ಪ್ರಸಾರಕ್ಕಾಗಿ ಸಹ ಚರ್ಚಿನೊಳಗೆ ಹೋಗಬಾರದೆಂದು ಆರ್ಚ್‌ಬಿಷಪ್ಪರು ಸೂಚಿಸಿದ್ದರಿಂದ, ಆ ವರ್ಷದ ಈಸ್ಟರ್ ಆರಾಧನೆಯನ್ನು ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಾಗಿದ್ದ ಜಸ್ಟಿನ್ ವೆಲ್ಬಿಯವರು ತಮ್ಮ ಮನೆಯ ಅಡುಗೆಕೋಣೆಯಿಂದಲೇ ನಡೆಸಿದರು. ಬಾಗಿಲುಗಳು ಮತ್ತೆ ತೆರೆದ ಮೇಲೆ ಕ್ಯಾಮೆರಾಗಳು ಸ್ಥಿರವಾಗಿ ಗೋಡೆಯೇರಿದವು. ಇಂಗ್ಲೆಂಡಿನ ಪುರಾತನ ದೇವಾಲಯದಲ್ಲಿ ಅಂಥದೊಂದನ್ನು ಶಾಶ್ವತವಾಗಿ ಕೂರಿಸಬೇಕಾದರೆ ಧರ್ಮಪ್ರಾಂತದ ವ್ಯವಸ್ಥೆಯಿಂದ ವಿಧಿವತ್ತಾದ ಅನುಮತಿ ಬೇಕು. ಮೊಳೆಯನ್ನು ಕಲ್ಲಿಗೆ ಹೊಡೆಯದೆ ಕಲ್ಲುಗಳ ನಡುವಣ ಗಾರೆಗೆ ಹೊಡೆಯಬೇಕೆಂಬ ಎಚ್ಚರವನ್ನೂ ವಹಿಸುತ್ತಾರೆ. ಇದಕ್ಕಿಂತಲೂ ಸೂಕ್ಷ್ಮವಾದುದು ನೋಟದ ಮೇರೆ: ಮಕ್ಕಳ ಮುಖಗಳು ಕಾಣದಂತೆಯೂ, ಪರಮಪ್ರಸಾದಕ್ಕೆ ಸಾಲುನಿಂತವರ ಮೇಲೆ ಕ್ಯಾಮೆರಾ ನೆಲೆಸದಂತೆಯೂ ನೋಡಿಕೊಳ್ಳುವವರು ನನ್ನ ಗೌರವಕ್ಕೆ ಪಾತ್ರರು. ಗುಂಡಿಯೊತ್ತುವವನಿಗೆ ಯಂತ್ರದ ಜ್ಞಾನ ಸ್ವಲ್ಪ ಸಾಕು. ಆರಾಧನಾಕ್ರಮದ ಜ್ಞಾನವು ಮಾತ್ರ ಪೂರ್ತಿಯಾಗಿಯೇ ಇರಬೇಕು. ಯಾವಾಗ ಮೌನ ಬರುವುದು, ಯಾವಾಗ ಸಭೆಯು ಮೊಣಕಾಲೂರುವುದು ಎಂಬುದನ್ನು ಅರಿಯದವನ ಕೈಯಲ್ಲಿ ಅತ್ಯುತ್ತಮವಾದ ಮಸೂರವೂ ಅವಿನಯಕ್ಕೆ ಸಾಧನವಾಗುತ್ತದೆ.

ನಮ್ಮ ಮಂಗಳೂರು ಉಡುಪಿಗಳ ಇಗರ್ಜಿಗಳಲ್ಲಿಯೂ ಈಗ ಈ ವ್ಯವಸ್ಥೆ ಅಪರಿಚಿತವಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬದ ಬಲಿಪೂಜೆಯನ್ನೂ, ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕದ ವಾರ್ಷಿಕ ಮಹೋತ್ಸವವನ್ನೂ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳು ಕೈಯಲ್ಲಿ ಹಿಡಿದ ಫೋನಿನಲ್ಲಿ ನೋಡುತ್ತಾರೆ. ರಜೆ ದೊರೆಯದೆ ಊರಿಗೆ ಬರಲಾಗದವರು ತಾಯಿಯ ಶವಸಂಸ್ಕಾರದ ಪ್ರಾರ್ಥನೆಗೂ ಹೀಗೆಯೇ ಓಗೊಡುವುದುಂಟು. ಬರಬಲ್ಲವರಿಗೆ ಭಾನುವಾರದ ಬಲಿಪೂಜೆಗೆ ಇದು ಬದಲಿಯಲ್ಲವೆಂಬ ಕ್ಯಾಥೊಲಿಕ್ ಸಭೆಯ ನಿಲುವು ಬದಲಾಗಿಲ್ಲ. ಮನೆಯಲ್ಲೇ ಉಳಿದ ರೋಗಿಗಳಿಗೆ ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದವನ್ನು ಕೊಂಡೊಯ್ಯುವ ಹಳೆಯ ಪದ್ಧತಿಯನ್ನು, ಪ್ರಸಾರವು ಬಂದಿತೆಂದು ಯಾರೂ ಕೈಬಿಡಬೇಕಾಗಿಲ್ಲ. ಪರದೆಯ ಮೇಲೆ ಪ್ರಾರ್ಥನೆಯನ್ನು ಅನುಸರಿಸಿದವರಿಗೂ ಆ ಭೇಟಿಯ ಅಗತ್ಯ ಹಾಗೆಯೇ ಉಳಿದಿದೆ.